ಮನೆಯಲ್ಲಿ ಜ್ವರ ಬಂದಾಗ: ಕೊರೊನಾ ಇರಬಹುದೇ ಎಂದು ನೋಡುವ ಕ್ರಮ, ದೊಡ್ಡವರಿಗೂ ಮಕ್ಕಳಿಗೂ

ಜೂನ್ ತಿಂಗಳು ಅರ್ಧ ಕಳೆದು ಕರಾವಳಿಯಲ್ಲಿ ಮಳೆ ಹಿಡಿಯಿತೆಂದರೆ ಓದುಗರಿಂದ ನನಗೆ ಬರುವ ಪ್ರಶ್ನೆಗಳು ಎರಡೇ ಬಗೆಯವು. "ಜ್ವರ ನೂರೊಂದು ಇದೆ, ಇದು ಕೊರೊನಾವೇ?" ಎಂಬುದು ಮೊದಲನೆಯದು. "ಜ್ವರವೇ ಇಲ್ಲ, ಬರೀ ಗಂಟಲು ಕೆರೆತ ಮತ್ತು ಸುಸ್ತು, ಹಾಗಾದರೆ ಕೊರೊನಾ ಇರಲಿಕ್ಕಿಲ್ಲ ಅಲ್ಲವೇ?" ಎಂಬುದು ಎರಡನೆಯದು. ಎರಡಕ್ಕೂ ನನ್ನ ಉತ್ತರ ಒಂದೇ: ಥರ್ಮಾಮೀಟರ್ ನೋಡಿ ಅದನ್ನು ಹೇಳಲು ಬರುವುದಿಲ್ಲ. 2020ರಲ್ಲಿ ಅಂಗಡಿ, ಬ್ಯಾಂಕು, ದೇವಸ್ಥಾನಗಳ ಬಾಗಿಲಲ್ಲಿ ನಮ್ಮ ಹಣೆಗೆ ಪಿಸ್ತೂಲಿನಂತಹ ಯಂತ್ರ ಹಿಡಿದು ಒಳಗೆ ಬಿಡುತ್ತಿದ್ದರಲ್ಲ, ಅಂದಿನಿಂದ ಜ್ವರವಿದ್ದರೆ ಕೊರೊನಾ, ಇಲ್ಲದಿದ್ದರೆ ಇಲ್ಲ ಎಂಬ ನಂಬಿಕೆ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಸೋಂಕು ತಗುಲಿದವರಲ್ಲಿ ಹಲವರಿಗೆ ಜ್ವರ ಬರುವುದೇ ಇಲ್ಲ. ಜ್ವರ ಬಂದವರಲ್ಲಿ, ಅದರಲ್ಲೂ ಮಂಗಳೂರು, ಉಡುಪಿಯ ಮಳೆಗಾಲದಲ್ಲಿ, ಹಲವರ ಜ್ವರಕ್ಕೆ ಕಾರಣ ಬೇರೆಯೇ ಇರುತ್ತದೆ.

ಆದ್ದರಿಂದ ಈ ಲೇಖನದಲ್ಲಿ ಜ್ವರವನ್ನು ಇಳಿಸುವ ಬಗೆಗಿಂತ ಹೆಚ್ಚಾಗಿ ಜ್ವರವನ್ನು ಅಳೆದು, ಬರೆದಿಟ್ಟು, ಅದರ ನಡೆಯನ್ನು ಗಮನಿಸುವ ಬಗೆಯನ್ನು ವಿವರಿಸಿದ್ದೇನೆ. ಇದು ವೈದ್ಯರ ಬಳಿಗೆ ಹೋಗುವ ಮೊದಲು ಮತ್ತು ಹೋಗಿ ಬಂದ ಮೇಲೆ ಮನೆಯಲ್ಲಿ ಮಾಡಬೇಕಾದ ಕೆಲಸ. ವೈದ್ಯರ ಬದಲಿಗೆ ಮಾಡುವ ಕೆಲಸ ಎಂದು ದಯವಿಟ್ಟು ತಿಳಿಯಬೇಡಿ.

ಮೊದಲು ಜ್ವರವೆಂದರೇನು ಎಂಬುದನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ. ನಮ್ಮ ಮಿದುಳಿನಲ್ಲಿ ಹೈಪೊಥಲಾಮಸ್ ಎಂಬ ಪುಟ್ಟ ಭಾಗವೊಂದು ಮೈಯ ಬಿಸಿಯನ್ನು ಒಂದು ಮಟ್ಟದಲ್ಲಿ ಕಾಯ್ದುಕೊಂಡಿರುತ್ತದೆ. ವೈರಾಣು ಹೊಕ್ಕಾಗ ರೋಗನಿರೋಧಕ ಕಣಗಳು ಬಿಡುವ ರಾಸಾಯನಿಕಗಳು ಆ ಮಟ್ಟವನ್ನೇ ಮೇಲಕ್ಕೆ ಏರಿಸುತ್ತವೆ. ಹೊಸ ಮಟ್ಟ ತಲುಪುವವರೆಗೆ ಚಳಿ, ನಡುಕ. ಮಟ್ಟ ಕೆಳಗಿಳಿದಾಗ ಬೆವರು. ಎಂದರೆ ಜ್ವರವು ರೋಗವಲ್ಲ, ದೇಹ ಹೋರಾಡುತ್ತಿರುವುದರ ಗುರುತು. ಹೋರಾಟ ಯಾರೊಡನೆ ಎಂಬುದನ್ನು ಅದು ತಿಳಿಸುವುದಿಲ್ಲ.

ಮನೆಯಲ್ಲಿ ಇರಬೇಕಾದ ಸಾಮಾನುಗಳು ಹೆಚ್ಚೇನಿಲ್ಲ. ಒಂದು ಡಿಜಿಟಲ್ ಥರ್ಮಾಮೀಟರ್, ಒಂದು ಪಲ್ಸ್ ಆಕ್ಸಿಮೀಟರ್ (ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿರುವ ಆಮ್ಲಜನಕದ ಪ್ರಮಾಣ ನೋಡುವ ಸಾಧನ), ಪ್ಯಾರಾಸಿಟಮಾಲ್ ಮಾತ್ರೆ, ಮಕ್ಕಳಿದ್ದರೆ ಅದೇ ಔಷಧದ ಸಿರಪ್ ಮತ್ತು ಮಿಲಿಲೀಟರ್ ಗುರುತಿರುವ ಅಳತೆ ಮುಚ್ಚಳ ಅಥವಾ ಸಿರಿಂಜ್, ನಾಲ್ಕು ಓಆರ್‌ಎಸ್ ಪೊಟ್ಟಣ, ಒಂದು ನೋಟ್‌ಬುಕ್ ಮತ್ತು ಪೆನ್ನು. ಮಗುವಿನ ಈಗಿನ ತೂಕ ಎಷ್ಟೆಂದು ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಹತ್ತಿರದ ಅಂಗನವಾಡಿಯಲ್ಲೋ ಮೆಡಿಕಲ್‌ನಲ್ಲೋ ಒಮ್ಮೆ ತೂಗಿಸಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ; ಮುಂದೆ ಅದೇ ಬಹಳ ಉಪಯೋಗಕ್ಕೆ ಬರುತ್ತದೆ.

ಹಂತ 1: ಸರಿಯಾಗಿ ಅಳೆಯಿರಿ

"ಮೈ ಬೆಚ್ಚ ಉಂಡು" ಎಂದು ಹಣೆಯ ಮೇಲೆ ಅಂಗೈ ಇಟ್ಟು ಹೇಳುವ ಅಜ್ಜಿಯ ಲೆಕ್ಕ ಬಹಳ ಸಲ ಸರಿಯಿರುತ್ತದೆ, ಆದರೆ ನಿನ್ನೆಗೂ ಇವತ್ತಿಗೂ ಹೋಲಿಸಲು ಅಂಗೈ ಸಾಲದು.

ಐದು ವರ್ಷದೊಳಗಿನ ಮಕ್ಕಳಿಗೆ ಕಂಕುಳಿನಲ್ಲೇ ಅಳೆಯಿರಿ. ದೊಡ್ಡ ಮಕ್ಕಳಿಗೂ ವಯಸ್ಕರಿಗೂ ನಾಲಿಗೆಯ ಕೆಳಗೆ ಇಡಬಹುದು. ಕಂಕುಳಿನಲ್ಲಿ ಸಿಗುವ ಅಂಕ ಬಾಯಿಯ ಅಂಕಕ್ಕಿಂತ ಸುಮಾರು ಅರ್ಧದಿಂದ ಒಂದು ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಕಡಿಮೆ ಇರುತ್ತದೆ. ಹಾಗಾಗಿ ಎಲ್ಲಿ ಅಳೆದಿರೆಂಬುದನ್ನೂ ಬರೆಯಬೇಕು ಮತ್ತು ಪ್ರತಿಸಲವೂ ಅಲ್ಲಿಯೇ ಅಳೆಯಬೇಕು. ನಮ್ಮ ಕಡಲ ತೀರದ ಸೆಕೆಯಲ್ಲಿ ಕಂಕುಳು ಸದಾ ಬೆವರಿರುತ್ತದೆ. ಒಣ ಬಟ್ಟೆಯಿಂದ ಒತ್ತಿ ಒರೆಸಿ, ಥರ್ಮಾಮೀಟರಿನ ತುದಿ ಕಂಕುಳಿನ ನಡುಗುಳಿಗೆ ತಾಗುವಂತೆ ಇಟ್ಟು, ತೋಳನ್ನು ಮೈಗೆ ಒತ್ತಿ ಹಿಡಿದು, ಬೀಪ್ ಸದ್ದು ಬರುವವರೆಗೆ ಕಾಯಿರಿ. ಬಾಯಿಯಲ್ಲಿ ಅಳೆಯುವುದಾದರೆ ಬಿಸಿ ಕಷಾಯ, ಚಹಾ ಅಥವಾ ತಣ್ಣನೆಯ ನೀರು ಕುಡಿದು ಅರ್ಧ ಗಂಟೆಯಾದರೂ ಕಳೆದಿರಲಿ. ಬಿಸಿನೀರಿನ ಸ್ನಾನ ಮುಗಿಸಿದ ತಕ್ಷಣವೂ, ದಪ್ಪ ಕಂಬಳಿ ಹೊದ್ದು ಮಲಗಿದ್ದವರು ಎದ್ದ ತಕ್ಷಣವೂ ಅಳೆಯಬೇಡಿ.

ಇಲ್ಲಿ ಎಡವುವವರೇ ಹೆಚ್ಚು: ಡಿಜಿಟಲ್ ಥರ್ಮಾಮೀಟರ್ ಸೆಲ್ಸಿಯಸ್‌ನಲ್ಲಿ 38 ಎಂದು ತೋರಿಸುತ್ತಿರುತ್ತದೆ, ಮನೆಯವರು ಅದು ಕೆಟ್ಟಿದೆಯೆಂದು ಮೂಲೆಗೆ ಎಸೆಯುತ್ತಾರೆ. 38 ಸೆಲ್ಸಿಯಸ್ ಎಂದರೆ 100.4 ಫ್ಯಾರನ್‌ಹೀಟ್, 39 ಎಂದರೆ 102.2, 40 ಎಂದರೆ 104. ಹಣೆಗೆ ಹಿಡಿಯುವ ಯಂತ್ರ ಬೆವರಿಗೂ ಫ್ಯಾನಿನ ಗಾಳಿಗೂ ಬಿಸಿಲಿಗೂ ಬೇಗ ಮೋಸಹೋಗುತ್ತದೆ. ಅದರಲ್ಲಿ ಹೆಚ್ಚು ಬಂದರೆ ಕಂಕುಳಿನಲ್ಲಿ ಮತ್ತೊಮ್ಮೆ ನೋಡಿ. ಹಳೆಯ ಪಾದರಸದ ಥರ್ಮಾಮೀಟರ್ ಇನ್ನೂ ಬಳಸುತ್ತಿದ್ದರೆ ಅದನ್ನು ಮಕ್ಕಳ ಬಾಯಿಗೆ ಮಾತ್ರ ಇಡಬೇಡಿ.

ಹಂತ 2: ಅಂಕದ ಅರ್ಥ ತಿಳಿಯಿರಿ

ಆರೋಗ್ಯವಂತರ ಮೈಬಿಸಿ 97ರಿಂದ 99 ಫ್ಯಾರನ್‌ಹೀಟ್‌ವರೆಗೆ ದಿನದಲ್ಲಿ ಏರಿಳಿಯುತ್ತದೆ. ಬೆಳಗಿನ ಜಾವ ಕಡಿಮೆ, ಸಂಜೆ ತುಸು ಹೆಚ್ಚು. ಸಂಜೆ 99 ಕಂಡಿತೆಂದು ಗಾಬರಿಪಡುವ ಕಾರಣವಿಲ್ಲ. 100.4 ಅಥವಾ ಅದಕ್ಕಿಂತ ಮೇಲಾದರೆ ಜ್ವರ ಎಂಬುದು ವೈದ್ಯರು ಸಾಮಾನ್ಯವಾಗಿ ಒಪ್ಪುವ ಗೆರೆ.

ಈ ಗೆರೆಯ ವಿಷಯದಲ್ಲಿ ಇಬ್ಬರನ್ನು ಬೇರೆಯಾಗಿ ನೋಡಬೇಕು. ಮೂರು ತಿಂಗಳು ತುಂಬದ ಶಿಶುವಿಗೆ 100.4 ಬಂದರೆ ಔಷಧ ಕೊಟ್ಟು ಕಾಯುವಂತಿಲ್ಲ. ಹೊತ್ತು ಯಾವುದೇ ಇರಲಿ, ಆಸ್ಪತ್ರೆಗೆ ಕರೆದೊಯ್ಯಬೇಕು. ಹಸುಳೆಗಳಲ್ಲಿ ಜ್ವರ ರಕ್ತದ ಅಥವಾ ಮಿದುಳುಪೊರೆಯ ಸೋಂಕಿನ ಏಕೈಕ ಗುರುತಾಗಿರಬಹುದು. ಇನ್ನೊಂದು ತುದಿಯಲ್ಲಿ ಮನೆಯ ಹಿರಿಯರು. ವಯಸ್ಸಾದಂತೆ ದೇಹದ ಜ್ವರ ಏರಿಸುವ ಶಕ್ತಿಯೇ ಕುಗ್ಗುತ್ತದೆ. ಯಾವಾಗಲೂ 97 ಇರುತ್ತಿದ್ದ ಅಜ್ಜನಿಗೆ 99 ಬಂದರೆ, ಎರಡು ಡಿಗ್ರಿ ಏರಿತೆಂಬುದೇ ಲೆಕ್ಕ. ಕೊರೊನಾ ತಗುಲಿದ ಎಷ್ಟೋ ಹಿರಿಯರಲ್ಲಿ ಮೊದಲು ಕಾಣುವುದು ಜ್ವರವಲ್ಲ. ಊಟ ಬೇಡವೆನ್ನುವುದು, ಹಗಲಿಡೀ ಮಲಗಿರುವುದು, ಬಚ್ಚಲಿಗೆ ಹೋಗುವಾಗ ತೂರಾಡಿ ಬೀಳುವುದು, ಹೊತ್ತುಗೊತ್ತು ತಪ್ಪಿ ಮಾತನಾಡುವುದು. ಮಂಡಿನೋವಿಗೆಂದು ದಿನವೂ ನೋವಿನ ಮಾತ್ರೆ ಅಥವಾ ಸ್ಟಿರಾಯ್ಡ್ ತೆಗೆದುಕೊಳ್ಳುವವರಲ್ಲಂತೂ ಜ್ವರ ಮುಚ್ಚಿಹೋಗುತ್ತದೆ.

ಹಂತ 3: ಬರೆದಿಡಿ

ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುನ್ನ, ಹೀಗೆ ದಿನಕ್ಕೆ ನಾಲ್ಕು ಸಲ ಸಾಕು. ಗಂಟೆಗೊಮ್ಮೆ ಅಳೆದರೆ ಮನೆಯವರ ನೆಮ್ಮದಿ ಕೆಡುವುದಲ್ಲದೆ ಬೇರೆ ಲಾಭವಿಲ್ಲ. ಬರೆಯುವ ಕ್ರಮ ಹೀಗಿರಲಿ. ಇದು ಆರು ವರ್ಷದ, 18 ಕಿಲೋ ತೂಕದ ಹುಡುಗಿಯೊಬ್ಬಳ ಪುಟವೆಂದು ಭಾವಿಸಿಕೊಳ್ಳಿ:

ಸೋಮ, ಬೆಳಿಗ್ಗೆ 7: ಕಂಕುಳು 100.8. ಗಂಜಿ ಅರ್ಧ ಲೋಟ. ಔಷಧ ಇಲ್ಲ.
ಸೋಮ, ಮಧ್ಯಾಹ್ನ 1: 102.4. ಸಿರಪ್ 5 ಮಿ.ಲೀ., 250ರ ಬಾಟಲಿ (5 ಮಿ.ಲೀ.ಗೆ 250 ಮಿ.ಗ್ರಾಂ). ಮಂಕಾಗಿದ್ದಾಳೆ.
ಸೋಮ, 2.15: 100.2. ಎದ್ದು ಕುಳಿತಳು, ಬಣ್ಣದ ಪೆನ್ಸಿಲ್ ಕೇಳಿದಳು.
ಸೋಮ, ರಾತ್ರಿ 8: 102. ಸಿರಪ್ 5 ಮಿ.ಲೀ. ಬೆಳಿಗ್ಗೆಯಿಂದ ಮೂತ್ರ 4 ಸಲ. ಮೂಗು ಸೋರುತ್ತಿದೆ.

ಈ ನಾಲ್ಕು ಸಾಲುಗಳಲ್ಲಿ ವೈದ್ಯರ ಕಣ್ಣು ಮೊದಲು ನಿಲ್ಲುವುದು 102.4 ಎಂಬಲ್ಲಿ ಅಲ್ಲ, ಬಣ್ಣದ ಪೆನ್ಸಿಲ್ ಕೇಳಿದಳು ಎಂಬಲ್ಲಿ. ಜ್ವರ ಒಂದೆರಡು ಡಿಗ್ರಿ ಇಳಿದಾಗ ಮಗು ಆಡಲು, ಮಾತನಾಡಲು ತೊಡಗಿತೆಂದರೆ ಅದು ಒಳ್ಳೆಯ ಗುರುತು. ಜ್ವರ ಇಳಿದ ಮೇಲೂ ಮಗು ಮಂಕಾಗಿಯೇ ಬಿದ್ದುಕೊಂಡಿದ್ದರೆ, 101 ಇದ್ದರೂ ಅದು 104ಕ್ಕಿಂತ ಹೆಚ್ಚು ಯೋಚಿಸಬೇಕಾದ ಸಂಗತಿ. ವಯಸ್ಕರಾದರೆ ಇದೇ ಪುಟದಲ್ಲಿ ಆಕ್ಸಿಮೀಟರಿನ ಅಂಕವನ್ನೂ ಸೇರಿಸಿ. ಬೆರಳಿಗೆ ಮದರಂಗಿ ಅಥವಾ ಉಗುರುಬಣ್ಣ ಇರಬಾರದು, ಕೈ ತಣ್ಣಗಿರಬಾರದು, ಐದು ನಿಮಿಷ ಸುಮ್ಮನೆ ಕುಳಿತ ಮೇಲೆ ಸಿಕ್ಕಿಸಿ ಅಂಕ ಒಂದೆಡೆ ನಿಲ್ಲುವವರೆಗೆ ಕಾಯಬೇಕು. ಚಳಿಯಿಂದ ನಡುಗುತ್ತಿರುವಾಗ ನೋಡಿದರೆ ಅಂಕ ಸುಳ್ಳು ಹೇಳುತ್ತದೆ. ದೊಡ್ಡವರ ಆಕ್ಸಿಮೀಟರ್ ಪುಟ್ಟ ಮಗುವಿನ ಬೆರಳಿಗೆ ಕೂರುವುದಿಲ್ಲ. ಮಕ್ಕಳಲ್ಲಿ ಉಸಿರಾಟದ ಎಣಿಕೆಯನ್ನೇ ನಂಬಿ. ಅದನ್ನು ಮುಂದೆ ವಿವರಿಸಿದ್ದೇನೆ.

ಹಂತ 4: ಯಾವ ಜ್ವರವಿರಬಹುದು ಎಂದು ಕೇಳಿಕೊಳ್ಳಿ

ಬೇರೆ ಊರಿನವರಿಗೆ ಬರೆದಿದ್ದರೆ ಈ ಹಂತವನ್ನು ಎರಡು ಸಾಲಿನಲ್ಲಿ ಮುಗಿಸುತ್ತಿದ್ದೆ. ನಮ್ಮ ಜಿಲ್ಲೆಗಳಲ್ಲಿ ಹಾಗೆ ಮಾಡಲು ಬರುವುದಿಲ್ಲ.

ಈಗ ಹರಡುತ್ತಿರುವ ಒಮಿಕ್ರಾನ್ ಕುಲದ ಕೊರೊನಾದಲ್ಲಿ ಸೋಂಕಿತರ ಸಂಪರ್ಕಕ್ಕೆ ಬಂದು ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನಗಳಲ್ಲಿ ಲಕ್ಷಣ ಶುರುವಾಗುತ್ತದೆ. ಗಂಟಲು ನೋವು, ಮೂಗು ಸೋರುವಿಕೆ, ಒಣಕೆಮ್ಮು, ತಲೆನೋವು, ಮೈಕೈ ನೋವು. ಜ್ವರ ಬಂದರೆ ಹೆಚ್ಚಿನವರಲ್ಲಿ ಒಂದರಿಂದ ಮೂರು ದಿನ. 2020 ಮತ್ತು 2021ರಲ್ಲಿ ಕಂಡಂತೆ ವಾಸನೆ, ರುಚಿ ಪೂರ್ತಿ ಹೋಗುವುದು ಈಗ ಕಡಿಮೆ. ವಾಸನೆ ಬರುತ್ತಿದೆ, ಹಾಗಾಗಿ ಕೊರೊನಾ ಅಲ್ಲ ಎಂಬ ವಾದ ನಿಲ್ಲುವುದಿಲ್ಲ. ಮಕ್ಕಳಲ್ಲಿ ಜ್ವರದ ಜೊತೆ ವಾಂತಿ, ಭೇದಿ ಬರಬಹುದು. ಪುಟ್ಟ ಮಕ್ಕಳಲ್ಲಿ ನಾಯಿ ಬೊಗಳಿದಂತಹ ಕೆಮ್ಮು ಕೂಡ ಕಾಣಬಹುದು.

ಮೂಗು, ಗಂಟಲು, ಕೆಮ್ಮು ಯಾವುದೂ ಇಲ್ಲದೆ ಬರೀ ಜ್ವರವಿದ್ದರೆ ಮೂರು ಹೆಸರುಗಳನ್ನು, ಅವು ಇದ್ದರೆ ನಾಲ್ಕನೆಯದೊಂದನ್ನೂ ನೆನಪಿಡಿ.

ಮೊದಲನೆಯದು ಮಲೇರಿಯಾ. ಮಂಗಳೂರು ನಗರಕ್ಕೂ ಮಲೇರಿಯಾಕ್ಕೂ ದಶಕಗಳ ನಂಟು. ಕಟ್ಟಡ ಕಾಮಗಾರಿಯ ತೊಟ್ಟಿಗಳು, ತಾರಸಿಯ ಮೇಲಿನ ಮುಚ್ಚಿಲ್ಲದ ನೀರಿನ ಟ್ಯಾಂಕುಗಳು ಅದರ ಸೊಳ್ಳೆಗೆ ಮನೆ. ಹಲ್ಲು ಕಟಕಟಿಸುವ ಚಳಿ, ಏರುಜ್ವರ, ಬೆವರು, ಆಮೇಲೆ ಒಂದು ದಿನ ಹಗುರ, ಮತ್ತೆ ಅದೇ ಸರಣಿ ಎಂದು ಪುಸ್ತಕ ಹೇಳುತ್ತದೆ. ಆರಂಭದ ದಿನಗಳಲ್ಲಿ ಈ ಲಯ ಕಾಣದೆಯೂ ಇರಬಹುದು. ಮಂಗಳೂರಿನ ಸರ್ಕಾರಿ ವೆನ್‌ಲಾಕ್ ಆಸ್ಪತ್ರೆಯಲ್ಲೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಇದರ ರಕ್ತಪರೀಕ್ಷೆ ಉಚಿತ.

ಎರಡನೆಯದು ಡೆಂಗಿ. 2019ರ ಮಳೆಗಾಲದಲ್ಲಿ ಮಂಗಳೂರು ಅನುಭವಿಸಿದ್ದನ್ನು ಇಲ್ಲಿನವರು ಮರೆತಿರಲಾರರು. ಥಟ್ಟನೆ ಏರುವ ಜ್ವರ, ಕಣ್ಣುಗುಡ್ಡೆಯ ಹಿಂದೆ ನೋವು, ಮೂಳೆ ಮುರಿದಂತಹ ಮೈನೋವು. ಇದರಲ್ಲಿ ಒಂದು ಬಲೆ ಇದೆ. ಸಾಮಾನ್ಯ ಶೀತಜ್ವರದಲ್ಲಿ ಜ್ವರ ಇಳಿದರೆ ನಾವು ನಿಟ್ಟುಸಿರು ಬಿಡುತ್ತೇವೆ. ಡೆಂಗಿಯಲ್ಲಿ ಮೂರರಿಂದ ಏಳನೆಯ ದಿನದ ನಡುವೆ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ರಕ್ತನಾಳಗಳಿಂದ ನೀರಿನಂಶ ಸೋರಿ ರಕ್ತದೊತ್ತಡ ಕುಸಿಯುವುದು ಆಗಲೇ. ಜ್ವರ ಬಿಟ್ಟಿತೆಂದು ಕೆಲಸಕ್ಕೆ ಹೊರಟವರಿಗೆ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು ಕಂಡರೆ ತಡಮಾಡದೆ ಆಸ್ಪತ್ರೆ ಸೇರಬೇಕು.

ಮೂರನೆಯದು ಇಲಿಜ್ವರ, ವೈದ್ಯರ ಮಾತಿನಲ್ಲಿ ಲೆಪ್ಟೊಸ್ಪೈರೋಸಿಸ್. ಇಲಿ ಮತ್ತು ಜಾನುವಾರುಗಳ ಮೂತ್ರ ಬೆರೆತ ನೀರು, ಕಾಲಿನ ಒಡಕು ಅಥವಾ ಗಾಯದ ಮೂಲಕ ಒಳಹೊಕ್ಕು ಬರುವ ಬ್ಯಾಕ್ಟೀರಿಯಾ ಸೋಂಕು. ನೇಜಿ ನೆಡಲು ಗದ್ದೆಗಿಳಿದವರು, ತೋಟದ ಕಣಿ ಬಿಡಿಸಿದವರು, ಮಳೆನೀರು ನಿಂತ ರಸ್ತೆಯಲ್ಲಿ ಬರಿಗಾಲಲ್ಲಿ ನಡೆದವರು ಇದನ್ನು ವೈದ್ಯರಿಗೆ ಹೇಳಲೇಬೇಕು. ಅವರು ಕೇಳದಿದ್ದರೂ ಹೇಳಬೇಕು. ಮೀನಖಂಡ ಮುಟ್ಟಿದರೆ ಚೀರುವಷ್ಟು ನೋವು, ಕೆಂಪು ಕಣ್ಣು ಇದರ ಗುರುತು. ಬೇಗ ತಿಳಿದರೆ ಸಾಧಾರಣ ಆಂಟಿಬಯಾಟಿಕ್‌ಗೆ ಬಗ್ಗುವ ರೋಗ. ತಡವಾದರೆ ಮೂತ್ರಪಿಂಡ ಮತ್ತು ಯಕೃತ್ತನ್ನು ಹಿಡಿಯುತ್ತದೆ.

ನಾಲ್ಕನೆಯದು ಎಚ್1ಎನ್1 ಸೇರಿದಂತೆ ಇನ್‌ಫ್ಲುಯೆಂಜಾ, ಎಂದರೆ ಫ್ಲೂ. ಇದನ್ನು ಕೊರೊನಾದಿಂದ ಲಕ್ಷಣ ನೋಡಿ ಬೇರ್ಪಡಿಸಲು ನುರಿತ ವೈದ್ಯರಿಗೂ ಆಗುವುದಿಲ್ಲ, ಪರೀಕ್ಷೆಯೇ ಬೇಕು. ಘಟ್ಟದ ಬುಡದ ಊರಿನವರು, ಕಾಡಿಗೆ ಸೊಪ್ಪು ಸೌದೆಗೆ ಹೋಗುವವರು ಬೇಸಗೆಯ ತಿಂಗಳುಗಳಲ್ಲಿ ಮಂಗನ ಕಾಯಿಲೆಯನ್ನೂ ನೆನಪಿಡಬೇಕು.

ಒಂದು ಕಾಯಿಲೆ ಪಾಸಿಟಿವ್ ಬಂತೆಂದು ಇನ್ನೊಂದು ಇರಲಾರದೆಂದು ತಿಳಿಯಬೇಡಿ. ಕೊರೊನಾ ಮತ್ತು ಡೆಂಗಿ ಒಟ್ಟಿಗೆ ಬಂದವರೂ ಇದ್ದಾರೆ.

ಹಂತ 5: ಪರೀಕ್ಷೆ

ಮನೆಯಲ್ಲಿ ಮಾಡಬಹುದಾದ ಕಿಟ್‌ಗಳು ವೈರಾಣುವಿನ ಪ್ರೋಟೀನನ್ನು ಹುಡುಕುತ್ತವೆ. ಇವನ್ನು ಆಂಟಿಜನ್ ಪರೀಕ್ಷೆ ಎನ್ನುತ್ತಾರೆ. ಲಕ್ಷಣವಿರುವಾಗ ಪಾಸಿಟಿವ್ ಬಂದರೆ ಅದನ್ನು ನಂಬಬಹುದು. ನೆಗೆಟಿವ್ ಬಂದರೆ ಪೂರ್ತಿ ನಂಬುವಂತಿಲ್ಲ, ಅದರಲ್ಲೂ ಜ್ವರದ ಮೊದಲ ದಿನ. ಎರಡು ದಿನ ಬಿಟ್ಟು ಮತ್ತೊಮ್ಮೆ ಮಾಡಿ, ಇಲ್ಲವೇ ಆರ್‌ಟಿಪಿಸಿಆರ್ ಮಾಡಿಸಿ. ಇದು ವೈರಾಣುವಿನ ತಳಿದ್ರವ್ಯವನ್ನು ಲಕ್ಷಪಟ್ಟು ಹೆಚ್ಚಿಸಿ ಗುರುತಿಸುವ ಪ್ರಯೋಗಾಲಯದ ಪರೀಕ್ಷೆ. ಕಿಟ್ಟಿನ ಹಾಳೆಯಲ್ಲಿ ಬರೆದ ನಿಮಿಷಗಳಿಗೆ ಸರಿಯಾಗಿ ಫಲಿತಾಂಶ ನೋಡಬೇಕು. ಸಂಜೆ ಮತ್ತೆ ನೋಡಿ, ಮಸುಕು ಗೆರೆಯೊಂದು ಕಂಡಿತೆಂದು ಫೋನ್ ಮಾಡುವವರು ಬಹಳ ಮಂದಿ. ಆ ಗೆರೆಗೆ ಅರ್ಥವಿಲ್ಲ.

ಜ್ವರ ಬಂದ ಎಲ್ಲರೂ ಪರೀಕ್ಷೆಗೆ ಓಡಬೇಕೆಂದಿಲ್ಲ. ಅರವತ್ತು ದಾಟಿದವರು, ಗರ್ಭಿಣಿಯರು, ಸಕ್ಕರೆ ಕಾಯಿಲೆ, ಹೃದಯ, ಮೂತ್ರಪಿಂಡ ಅಥವಾ ಶ್ವಾಸಕೋಶದ ತೊಂದರೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಇವರೊಡನೆ ಒಂದೇ ಮನೆಯಲ್ಲಿರುವವರು ತಡಮಾಡಬಾರದು. ಅಪಾಯ ಹೆಚ್ಚಿರುವವರಿಗೆ ವೈದ್ಯರು ಬರೆಯಬಹುದಾದ ವೈರಾಣು ನಿರೋಧಕ ಮಾತ್ರೆಗಳನ್ನು ಲಕ್ಷಣ ಶುರುವಾದ ಐದು ದಿನಗಳೊಳಗೆ ಆರಂಭಿಸಬೇಕಾಗುತ್ತದೆ. ನೋಡೋಣ, ನಾಳೆಗೆ ಕಡಿಮೆಯಾಗಬಹುದು ಎನ್ನುತ್ತಾ ವಾರ ಕಳೆದವರಿಗೆ ಆ ದಾರಿ ಮುಚ್ಚಿರುತ್ತದೆ.

ಹಂತ 6: ಜ್ವರ ಇಳಿಸುವುದು

ಅಂಕವನ್ನು 98.6ಕ್ಕೆ ತರುವುದು ಗುರಿಯಲ್ಲ; ರೋಗಿಗೆ ನಿದ್ದೆ ಬರಬೇಕು, ಒಂದಿಷ್ಟು ಗಂಜಿ ಹೊಟ್ಟೆಗೆ ಹೋಗಬೇಕು, ಅಷ್ಟೇ. 100.5 ಜ್ವರದಲ್ಲಿ ಮಗು ಆರಾಮವಾಗಿ ಆಡುತ್ತಿದ್ದರೆ ಔಷಧ ಬೇಕಿಲ್ಲ. ಮಲಗಿದ ಮಗುವನ್ನು ಎಬ್ಬಿಸಿ ಸಿರಪ್ ಕುಡಿಸುವುದೂ ಬೇಡ.

ವಯಸ್ಕರಿಗೆ ಪ್ಯಾರಾಸಿಟಮಾಲ್ 500 ಅಥವಾ 650 ಮಿ.ಗ್ರಾಂ ಮಾತ್ರೆ ಒಂದು, ಆರು ಗಂಟೆಗಳ ಅಂತರದಲ್ಲಿ. 24 ಗಂಟೆಗಳಲ್ಲಿ 4 ಗ್ರಾಂ ಎಂಬುದು ಯಾರೂ ದಾಟಬಾರದ ಗಡಿ. ಯಕೃತ್ತಿನ ತೊಂದರೆ ಇರುವವರಿಗೆ, ನಿತ್ಯ ಕುಡಿಯುವವರಿಗೆ, ತೀರ ತೂಕ ಕಡಿಮೆ ಇರುವವರಿಗೆ ಗಡಿ ಅದಕ್ಕಿಂತ ಕೆಳಗೆ, ಅದನ್ನು ವೈದ್ಯರಿಂದಲೇ ಕೇಳಿಕೊಳ್ಳಬೇಕು. ಡೋಲೋ ಬೇರೆ, ಕ್ರೋಸಿನ್ ಬೇರೆ, ಶೀತದ ಮಾತ್ರೆ ಬೇರೆ ಎಂದು ಮೂರನ್ನೂ ನುಂಗುವವರಿದ್ದಾರೆ. ಮೊದಲೆರಡೂ ಪ್ಯಾರಾಸಿಟಮಾಲೇ, ಮೂರನೆಯದರಲ್ಲೂ ಬಹುತೇಕ ಅದೇ ಇರುತ್ತದೆ. ಹಾಳೆಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ.

ಮಕ್ಕಳಲ್ಲಿ ವಯಸ್ಸು ನೋಡಿ ಕೊಡುವ ಲೆಕ್ಕ ಬಿಡಿ. ತೂಕದ ಲೆಕ್ಕ ಹಿಡಿಯಿರಿ. ಒಂದು ಕಿಲೋಗೆ 10ರಿಂದ 15 ಮಿ.ಗ್ರಾಂ ಒಂದು ಸಲಕ್ಕೆ, ನಡುವೆ ಕನಿಷ್ಠ 4ರಿಂದ 6 ಗಂಟೆ ಅಂತರ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಈಗ ಬಾಟಲಿಗಳನ್ನು ನೋಡಿ. ನಮ್ಮ ಮೆಡಿಕಲ್‌ಗಳಲ್ಲಿ ಸಿಗುವ ಸಿರಪ್‌ಗಳಲ್ಲಿ ಒಂದರಲ್ಲಿ 5 ಮಿ.ಲೀ.ಗೆ 120 ಅಥವಾ 125 ಮಿ.ಗ್ರಾಂ ಇದ್ದರೆ ಇನ್ನೊಂದರಲ್ಲಿ 5 ಮಿ.ಲೀ.ಗೆ 250 ಇರುತ್ತದೆ. ಶಿಶುಗಳ ಡ್ರಾಪ್ಸ್‌ನಲ್ಲಿ 1 ಮಿ.ಲೀ.ಗೇ 100. ಹನ್ನೆರಡು ಕಿಲೋ ಮಗುವಿಗೆ ಬೇಕಾದ್ದು 120ರಿಂದ 180 ಮಿ.ಗ್ರಾಂ. ಎಂದರೆ 120ರ ಬಾಟಲಿಯಿಂದ 5ರಿಂದ 7.5 ಮಿ.ಲೀ.; 250ರ ಬಾಟಲಿಯಿಂದ 2.4ರಿಂದ 3.6 ಮಿ.ಲೀ. ಮಾತ್ರ. ಕಳೆದ ಸಲ ಒಂದು ಮುಚ್ಚಳ ಕೊಟ್ಟಿದ್ದೆವೆಂದು ಬೇರೆ ಬಾಟಲಿಯಿಂದ ಅದೇ ಮುಚ್ಚಳ ಸುರಿದರೆ ಎರಡರಷ್ಟು ಔಷಧ ಹೊಟ್ಟೆಗೆ ಹೋಗುತ್ತದೆ. ಅಡುಗೆಮನೆಯ ಚಮಚವಂತೂ ಬೇಡವೇ ಬೇಡ. ಡ್ರಾಪ್ಸನ್ನು ಸಿರಪ್ಪೆಂದು ತಿಳಿದು ಕೊಡುವುದು ಎಲ್ಲಕ್ಕಿಂತ ದೊಡ್ಡ ಅಪಾಯ.

ಕೊಡಬಾರದ್ದನ್ನೂ ಹೇಳಿಬಿಡುತ್ತೇನೆ. ಡೆಂಗಿ ಇಲ್ಲವೆಂದು ಖಚಿತವಾಗುವವರೆಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್, ಮೆಫೆನಾಮಿಕ್ ಆಸಿಡ್, ಆಸ್ಪಿರಿನ್ ಇರುವ ಯಾವುದನ್ನೂ ಮುಟ್ಟಬೇಡಿ. ರಕ್ತಸ್ರಾವದ ಭಯ ಇದೆ. ಹೃದಯಕ್ಕೆಂದು ದಿನವೂ ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಲಿ. ಮಕ್ಕಳಿಗೆ ಜ್ವರಕ್ಕೆ ಆಸ್ಪಿರಿನ್ ಎಂದೂ ಇಲ್ಲ. ವೈರಾಣು ಜ್ವರದಲ್ಲಿ ಅದು ರೈ ಸಿಂಡ್ರೋಮ್ ಎಂಬ, ಮಿದುಳು ಮತ್ತು ಯಕೃತ್ತನ್ನು ಹಿಡಿಯುವ ಅಪರೂಪದ ಆದರೆ ಘೋರವಾದ ಕಾಯಿಲೆ ತರಬಲ್ಲದು. ಆಂಟಿಬಯಾಟಿಕ್ ಬ್ಯಾಕ್ಟೀರಿಯಾಕ್ಕೆ, ಕೊರೊನಾ ವೈರಾಣುವಿಗಲ್ಲ. ಸ್ಟಿರಾಯ್ಡ್ ವಿಷಯದಲ್ಲಿ 2020ರ ಬ್ರಿಟನ್ನಿನ ರಿಕವರಿ ಪ್ರಯೋಗ ತೋರಿಸಿದ್ದು ಸ್ಪಷ್ಟವಾಗಿದೆ: ಆಮ್ಲಜನಕ ಬೇಕಾದ ರೋಗಿಗಳ ಸಾವನ್ನು ಡೆಕ್ಸಾಮೆಥಸೋನ್ ಕಡಿಮೆ ಮಾಡಿತು, ಆಮ್ಲಜನಕ ಬೇಡದವರಿಗೆ ಲಾಭವೇ ಇರಲಿಲ್ಲ. ಎರಡನೆಯ ದಿನದ ಜ್ವರಕ್ಕೆ ಅದನ್ನು ಕೇಳಿ ತರುವುದು ತಪ್ಪು. ಸಕ್ಕರೆ ಏರಿಸಿ, ಬೇರೆ ಸೋಂಕಿಗೂ ಬಾಗಿಲು ತೆರೆಯುತ್ತದೆ.

ಮೈ ಒರೆಸುವುದಾದರೆ ಉಗುರುಬೆಚ್ಚಗಿನ ನೀರು ಬಳಸಿ. ತಣ್ಣೀರು, ಐಸು, ಸ್ಪಿರಿಟ್ ಬೇಡ. ಚರ್ಮದ ರಕ್ತನಾಳ ಕುಗ್ಗಿ, ನಡುಕ ಹುಟ್ಟಿ ಒಳಗಿನ ಬಿಸಿ ಇನ್ನೂ ಏರುತ್ತದೆ. ಚಳಿಯಾಗುವಾಗ ಹೊದಿಸಿ, ಬೆವರುವಾಗ ತೆಗೆಯಿರಿ, ಕಿಟಕಿ ಮುಚ್ಚಬೇಡಿ. ಕುಚ್ಚಲಕ್ಕಿ ಗಂಜಿಯ ತಿಳಿಗೆ ಚಿಟಿಕೆ ಉಪ್ಪು, ಎಳನೀರು, ಪೊಟ್ಟಣದಲ್ಲಿ ಬರೆದಷ್ಟೇ ನೀರಿಗೆ ಕಲಸಿದ ಓಆರ್‌ಎಸ್, ಎಲ್ಲವೂ ಒಳ್ಳೆಯದು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಎಳನೀರಿಗೆ ಮುನ್ನ ವೈದ್ಯರನ್ನು ಕೇಳಲಿ, ಅದರಲ್ಲಿ ಪೊಟ್ಯಾಸಿಯಮ್ ಹೆಚ್ಚು. ಕಾಳುಮೆಣಸು, ಶುಂಠಿಯ ಕಷಾಯ ಗಂಟಲಿಗೆ ಹಿತವೆನಿಸಿದರೆ ಕುಡಿಯಿರಿ, ಅದು ವೈರಾಣುವನ್ನು ಕೊಲ್ಲುತ್ತದೆಂಬ ನಂಬಿಕೆಯಿಂದ ಬೇಡ. ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬಾರದು. ಎದೆಹಾಲು ಯಾವ ಕಾರಣಕ್ಕೂ ನಿಲ್ಲಿಸಬೇಡಿ. ತಾಯಿಗೇ ಕೊರೊನಾ ಇದ್ದರೆ ಮಾಸ್ಕ್ ಹಾಕಿ, ಕೈ ತೊಳೆದು ಕುಡಿಸಲಿ.

ಆರು ತಿಂಗಳಿನಿಂದ ಐದು ವರ್ಷದವರೆಗಿನ ಕೆಲವು ಮಕ್ಕಳಿಗೆ ಜ್ವರ ಏರುವಾಗ ಫಿಟ್ಸ್ ಬರಬಹುದು. ನೋಡಲು ಭಯಂಕರ, ಹೆಚ್ಚಿನವು ತಾವಾಗಿ ನಿಲ್ಲುತ್ತವೆ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ಬೆರಳು, ನೀರು ಏನೂ ಹಾಕಬೇಡಿ, ಕೈಗೆ ಕಬ್ಬಿಣ ಹಿಡಿಸುತ್ತಾ ಕೂರಬೇಡಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಬೇಗ ನಿಂತರೂ ಮೊದಲ ಸಲವಾಗಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ.

ಹಂತ 7: ಮನೆಯೊಳಗಿನ ಅಂತರ

ಗಾಳಿಯಾಡುವ ಕೋಣೆ, ರೋಗಿಗೂ ನೋಡಿಕೊಳ್ಳುವವರಿಗೂ ಮಾಸ್ಕ್, ಬೇರೆ ತಟ್ಟೆ ಲೋಟ. ಪುಟ್ಟ ಮಗುವನ್ನು ಒಂಟಿಯಾಗಿ ಕೋಣೆಯಲ್ಲಿ ಬಿಡುವ ಪ್ರಶ್ನೆಯೇ ಇಲ್ಲ. ಒಬ್ಬರೇ ನೋಡಿಕೊಳ್ಳಿ, ಅಜ್ಜ ಅಜ್ಜಿ ಆ ಕೆಲಸಕ್ಕೆ ಬೇಡ. ಎರಡು ವರ್ಷದೊಳಗಿನ ಮಗುವಿಗೆ ಮಾಸ್ಕ್ ಹಾಕಬಾರದು, ಉಸಿರು ಕಟ್ಟಬಹುದು.

ಹಂತ 8: ಆಸ್ಪತ್ರೆಗೆ ಯಾವಾಗ ಹೊರಡಬೇಕು

ವಯಸ್ಕರಲ್ಲಿ: 100ಕ್ಕಿಂತ ಹೆಚ್ಚಿನ ಜ್ವರ ಮೂರು ದಿನ ದಾಟಿದರೆ, ಆಕ್ಸಿಮೀಟರ್ 93 ಅಥವಾ ಅದಕ್ಕಿಂತ ಕಡಿಮೆ ಎಂದು ಒಂದು ಗಂಟೆಯೊಳಗೆ ಮೂರು ಸಲ ತೋರಿಸಿದರೆ, ಸುಮ್ಮನೆ ಕುಳಿತಿರುವಾಗ ನಿಮಿಷಕ್ಕೆ 24ಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಎದೆಯಲ್ಲಿ ಬಿಡದ ನೋವು ಅಥವಾ ಒತ್ತಡ, ಮಾತು ತೊದಲುವುದು, ಎದ್ದು ನಿಲ್ಲಲಾಗದ ನಿತ್ರಾಣ ಕಂಡರೆ. ಆಮ್ಲಜನಕ ತೀರ ಇಳಿದಿದ್ದರೂ ರೋಗಿ ನಗುತ್ತಾ ಮಾತನಾಡುತ್ತಿರುವುದನ್ನು 2021ರ ಎರಡನೆಯ ಅಲೆಯಲ್ಲಿ ಬಹಳ ಕುಟುಂಬಗಳು ನೋಡಿವೆ. ಅವರ ಮುಖ ನೋಡಿ ಸಮಾಧಾನಪಡಬೇಡಿ, ಅಂಕ ನೋಡಿ. ಗರ್ಭಿಣಿಯರು ಮೂರು ದಿನ ಕಾಯದೆ ಮೊದಲ ದಿನವೇ ತಮ್ಮ ವೈದ್ಯರಿಗೆ ತಿಳಿಸಲಿ.

ಮಕ್ಕಳಲ್ಲಿ ಮೊದಲು ಉಸಿರು ಎಣಿಸಿ. ಮಗು ಮಲಗಿರುವಾಗ ಅಂಗಿ ಎತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪುತ್ತದೆ. ಎರಡು ತಿಂಗಳೊಳಗೆ 60, ಎರಡರಿಂದ ಹನ್ನೊಂದು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40, ಐದು ದಾಟಿದವರಿಗೆ 30. ಇವನ್ನು ಮುಟ್ಟಿದರೆ ಅಥವಾ ದಾಟಿದರೆ ಅದು ವೇಗದ ಉಸಿರಾಟ, ಅಂದೇ ತೋರಿಸಬೇಕು. ಉಸಿರೆಳೆಯುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ನರಳುವ ಸದ್ದು, ತುಟಿ ನೀಲಿಯಾಗುವುದು, ಹಾಲನ್ನೂ ನೀರನ್ನೂ ಒಲ್ಲದಿರುವುದು, ಎಂಟು ಗಂಟೆ ಮೂತ್ರ ಹೋಗದಿರುವುದು, ಎಬ್ಬಿಸಿದರೂ ಏಳದಿರುವುದು, ಇವುಗಳಲ್ಲಿ ಒಂದು ಕಂಡರೂ ರಾತ್ರಿ ಕಳೆಯಲೆಂದು ಕಾಯಬೇಡಿ. ಆಗುಂಬೆ ಘಾಟಿಯ ಬುಡದಲ್ಲೋ ಬೈಂದೂರಿನ ಒಳಭಾಗದಲ್ಲೋ ಇರುವವರು ಉಡುಪಿ, ಮಣಿಪಾಲಕ್ಕೆ ತಲುಪುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿದು ಒಂದು ಗಂಟೆ ಮೊದಲೇ ತೀರ್ಮಾನಿಸುವುದು ಮೇಲು. ಮಳೆಗಾಲದ ನಮ್ಮ ರಸ್ತೆಗಳ ಬಗ್ಗೆ ನಾನು ಹೇಳಬೇಕಾಗಿಲ್ಲ.

ಹಂತ 9: ಜ್ವರ ಬಿಟ್ಟ ಮೇಲೆ

ಔಷಧವಿಲ್ಲದೆ 24 ಗಂಟೆ ಜ್ವರ ಬಾರದಿದ್ದರೆ ಮಾತ್ರ ಜ್ವರ ಬಿಟ್ಟಿತೆಂದು ಲೆಕ್ಕ. ಬೆಳಿಗ್ಗೆ ಸಿರಪ್ ಕುಡಿಸಿ, ಜ್ವರವಿಲ್ಲವೆಂದು ಶಾಲೆಗೆ ಕಳುಹಿಸಿದರೆ ಹನ್ನೊಂದು ಗಂಟೆಗೆ ಟೀಚರಿನ ಫೋನ್ ಬರುತ್ತದೆ, ಅಷ್ಟರಲ್ಲಿ ಬೆಂಚಿನ ಪಕ್ಕದವನಿಗೂ ಹರಡಿರುತ್ತದೆ. ಕೊರೊನಾ ಎಂದು ಖಚಿತವಾದವರು ಮುಂದಿನ ಕೆಲವು ದಿನ ಜನರ ನಡುವೆ ಮಾಸ್ಕ್ ಧರಿಸಲಿ.

ಎರಡು ಮೂರು ದಿನ ಹಗುರಾಗಿದ್ದು ಮತ್ತೆ ಜ್ವರ ಏರಿದರೆ, ವಯಸ್ಕರಲ್ಲಾಗಲಿ ಮಕ್ಕಳಲ್ಲಾಗಲಿ, ಅದನ್ನು ಹಳೆಯ ಜ್ವರದ ಬಾಲವೆಂದು ಬಿಡಬಾರದು. ನ್ಯುಮೋನಿಯಾ ಅಥವಾ ಎರಡನೆಯದೊಂದು ಸೋಂಕು ಸೇರಿರಬಹುದು.

ಮಕ್ಕಳಲ್ಲಿ ಇನ್ನೂ ಒಂದು ಜ್ವರವಿದೆ. ಅದು ಬಹಳ ತಡವಾಗಿ ಬರುತ್ತದೆ. ಕೊರೊನಾ ತಗುಲಿ ಎರಡರಿಂದ ಆರು ವಾರಗಳ ಬಳಿಕ, ಕೆಲವೇ ಮಕ್ಕಳಲ್ಲಿ, ರೋಗನಿರೋಧಕ ವ್ಯವಸ್ಥೆ ತಿರುಗಿಬಿದ್ದು ಹೃದಯ, ಕರುಳು, ಚರ್ಮ ಎಲ್ಲೆಡೆ ಉರಿಯೂತ ಹುಟ್ಟಿಸುತ್ತದೆ. ವೈದ್ಯರು ಇದನ್ನು ಎಂಐಎಸ್-ಸಿ ಎಂದು ಕರೆಯುತ್ತಾರೆ. ಬಿಡದ ಜ್ವರ, ಕೆಂಪಾದ ಕಣ್ಣು, ಮೈಮೇಲೆ ದದ್ದು, ಕೆಂಪು ತುಟಿ ಮತ್ತು ನಾಲಿಗೆ, ಹೊಟ್ಟೆನೋವು, ವಾಂತಿ. ಮೊದಲ ಸೋಂಕು ಎಷ್ಟೋ ಸಲ ಯಾರ ಗಮನಕ್ಕೂ ಬಾರದಷ್ಟು ಸಣ್ಣದಾಗಿರುತ್ತದೆ, ಎರಡು ದಿನದ ಮೂಗು ಸೋರುವಿಕೆ ಅಷ್ಟೇ. ತಿಂಗಳ ಹಿಂದೆ ಏನಾದರೂ ಜ್ವರ ಬಂದಿತ್ತೇ ಎಂದು ಮಕ್ಕಳ ವೈದ್ಯರು ಕೇಳಿದಾಗ ಅಪ್ಪ ಅಮ್ಮ ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ನೋಟ್‌ಬುಕ್ಕನ್ನು ಆಸ್ಪತ್ರೆಯ ಚೀಲದಲ್ಲೇ ಇಟ್ಟಿದ್ದರೆ ಆ ಸೋಮವಾರದ ಪುಟವನ್ನು ತೆಗೆದು ತೋರಿಸಿದರೆ ಸಾಕು.